ಮುಂದಿನ ರೂಮಿಗೆ ಹೋಗಬೇಕಾದವರು ನಿಮ್ಮ ಅತ್ತೆ ಅಲ್ಲ

ಇದು 2020ರ ಏಪ್ರಿಲ್, ಕೊರೋನಾ ಲಾಕ್‌ಡೌನಿನ ಸಮಯ. ಈ ವಾರ ಬಂದ ಪತ್ರಗಳಲ್ಲಿ ಹೆಚ್ಚಿನವು ಮನೆಯ ಹಿರಿಯರ ಬಗ್ಗೆ. ಹಿರಿಯರೇ ಬರೆದದ್ದು ಒಂದೂ ಇಲ್ಲ. ಅಪ್ಪ ಹಾಲು ತರೋಕೆ ಅಂತ ಹೋದವರು ಒಂದು ಗಂಟೆಯಾದರೂ ಬರಲ್ಲ. ಅಮ್ಮ ಟಿವಿ ನೋಡಿ ನೋಡಿ ಅಳ್ತಾರೆ. ಮಾವ ಯಾರ ಮಾತೂ ಕೇಳಲ್ಲ. ಎಲ್ಲಕ್ಕೂ ಒಂದೊಂದಾಗಿ ಉತ್ತರ ಬರೆಯುತ್ತೇನೆ. ಆದರೆ ಬೆಂಗಳೂರಿನ ವಿಜಯನಗರದಿಂದ ಬಂದ ಒಂದು ಪತ್ರ ಓದಿದ ಮೇಲೆ ಉಳಿದದ್ದನ್ನೆಲ್ಲ ಬದಿಗಿಡಬೇಕಾಯಿತು.

ಬರೆದವರು ಸೊಸೆ. ಅತ್ತೆಗೆ 72 ವರ್ಷ, ಶುಗರ್ ಇದೆ, ಬಿಪಿ ಇದೆ. ಗಂಡ ಮೆಡಿಕಲ್ ಸ್ಟೋರಿನಲ್ಲಿ ಕೆಲಸ ಮಾಡುತ್ತಾರೆ. ಲಾಕ್‌ಡೌನ್ ಆದರೂ ಅಂಗಡಿ ತೆರೆದಿರುತ್ತದೆ, ದಿನಾ ಹೋಗಲೇಬೇಕು. ಸ್ಕೂಲಿಗೆ ಹೋಗುವ ಇಬ್ಬರು ಮಕ್ಕಳು ಮನೆಯಲ್ಲೇ ಇದ್ದಾರೆ. ಜನತಾ ಕರ್ಫ್ಯೂ ನಡೆದ ಮಾರ್ಚ್ 22ರ ಭಾನುವಾರ ಗಂಡ ಒಂದು ತೀರ್ಮಾನ ಮಾಡಿದರು. ಅಮ್ಮನ ವಯಸ್ಸಿಗೆ ಅಪಾಯ ಜಾಸ್ತಿ, ಹಾಗಾಗಿ ಅವರು ಮುಂದಿನ ರೂಮಿನಲ್ಲಿ ಒಬ್ಬರೇ ಇರಲಿ. ಆ ರೂಮಿಗೆ ಬಾತ್‌ರೂಮ್ ಬೇರೆ ಇದೆ, ವರಾಂಡಕ್ಕೆ ತೆರೆಯುವ ಬಾಗಿಲೂ ಇದೆ. ಹಿಂದೆ ಬಾಡಿಗೆ ಹುಡುಗರಿಗೆ ಕೊಡುತ್ತಿದ್ದ ರೂಮು. ಊಟ, ಕಾಫಿ ಎಲ್ಲ ಬಾಗಿಲ ಹತ್ತಿರ ಒಂದು ಸ್ಟೂಲಿನ ಮೇಲೆ.

ಎರಡು ವಾರ ಕಳೆದಿದೆ. ಅತ್ತೆ ಮಾತು ಕಡಿಮೆ ಮಾಡಿದ್ದಾರೆ. ಊಟ ಅರ್ಧಕ್ಕೆ ಬಿಡುತ್ತಾರೆ. ಹಗಲು ಹೊತ್ತು ಮಲಗಿರುತ್ತಾರೆ. ಫೋನಿನಲ್ಲಿ ಭಜನೆ ಹಾಕಿಕೊಟ್ಟರೆ ಬೇಡ ಅನ್ನುತ್ತಾರೆ. ಮೊನ್ನೆ ಏಪ್ರಿಲ್ 5ರ ರಾತ್ರಿ ಬೀದಿಯವರೆಲ್ಲ ದೀಪ ಹಚ್ಚಿದಾಗಲೂ ಬಾಗಿಲು ತೆಗೆಯಲಿಲ್ಲವಂತೆ. 'ಇವರಿಗೆ ಬೇಜಾರು ಕಳೆಯಲು ಏನು ಮಾಡಲಿ? ಅವರ ಒಳ್ಳೆಯದಕ್ಕೇ ಅಲ್ವಾ ನಾವು ಮಾಡ್ತಿರೋದು?' ಎಂದು ಕೇಳಿದ್ದಾರೆ.

ನೋಡಮ್ಮ, ನಿಮ್ಮ ಮನಸ್ಸಿನಲ್ಲಿ ಕೆಟ್ಟದ್ದಿಲ್ಲ, ಅದು ನನಗೆ ಕಾಣುತ್ತದೆ. ಆದರೆ ಪತ್ರದ ನಡುವೆ, ಸಾಮಾನಿನ ಪಟ್ಟಿ ಬರೆದ ಹಾಗೆ, ನೀವು ಒಂದು ಮಾತು ಬರೆದು ಮುಂದೆ ಹೋಗಿದ್ದೀರಿ. 'ಅವರ ತಟ್ಟೆ ಲೋಟ ಬೇರೆ ಇಟ್ಟಿದ್ದೇವೆ. ಈಗೀಗ ಅವರೇ ತೊಳೆದು ಹೊಸಿಲಿನ ಆಚೆ ಬೋರಲು ಹಾಕಿ ಇಡುತ್ತಾರೆ, ನನಗೆ ಕೆಲಸ ಕಡಿಮೆ ಆಗಲಿ ಅಂತ.'

ನಿಮಗೆ ಕೆಲಸ ಕಡಿಮೆ ಆಗಲಿ ಅಂತಲ್ಲ.

ನಿಮ್ಮ ಅತ್ತೆಯ ಓರಗೆಯ ಹೆಂಗಸರನ್ನು ಕೇಳಿ ನೋಡಿ. ಮದುವೆಯಾಗಿ ಗಂಡನ ಮನೆಗೆ ಬಂದ ಮೇಲೆ ಅವರಲ್ಲಿ ಎಷ್ಟೋ ಜನ ತಿಂಗಳಿಗೆ ಮೂರು ದಿನ ಹೊರಗೆ ಕೂತವರು. ಬೇರೆ ಚಾಪೆ, ಬೇರೆ ಚೊಂಬು, ಬೇರೆ ತಟ್ಟೆ. ಯಾರಾದರೂ ದೂರದಿಂದ ಬಡಿಸಬೇಕು. ಉಂಡ ತಟ್ಟೆಯನ್ನು ತಾನೇ ತೊಳೆದು, ಯಾರಿಗೂ ತಾಗದ ಕಡೆ ಬೋರಲು ಹಾಕಬೇಕು. ಯಾರೂ ಹೇಳಿಕೊಡಬೇಕಾಗಿಲ್ಲ, ಕೈಗೇ ಗೊತ್ತು. ಐವತ್ತು ವರ್ಷ ಈ ಮನೆಗೆ ದುಡಿದ ಮೇಲೆ, ಯಾವ ಸೋಂಕೂ ಇಲ್ಲದೆ, ಅವರು ಮತ್ತೆ ಹೊರಗೆ ಕೂತಿದ್ದಾರೆ. ಈ ಸಲ ನಾಲ್ಕನೇ ದಿನ ತಲೆಗೆ ನೀರು ಹಾಕಿಕೊಂಡು ಒಳಗೆ ಬರುವುದೂ ಇಲ್ಲ.

ಇನ್ನೂ ಒಂದು ವಿಷಯ ನಿಮ್ಮ ಪತ್ರದಲ್ಲೇ ಇದೆ. ಎದುರು ಮನೆಯ ಹುಡುಗ ದುಬೈನಿಂದ ಬಂದಿದ್ದಾನೆ, ಕ್ವಾರಂಟೈನ್ ಅಂತ ಕೈಮೇಲೆ ಸೀಲು ಹಾಕಿದ್ದಾರೆ, ಬಿಬಿಎಂಪಿಯವರು ಬಾಗಿಲಿಗೆ ನೋಟಿಸ್ ಅಂಟಿಸಿ ಹೋಗಿದ್ದಾರೆ ಎಂದು ಬರೆದಿದ್ದೀರಿ. ಮುಂದಿನ ರೂಮಿನ ಕಿಟಕಿಯಿಂದ ಯಾವ ಬಾಗಿಲು ಕಾಣುತ್ತದೆ? ಅದೇ ಅಲ್ವಾ? ನಿಮ್ಮ ಅತ್ತೆ ದಿನವಿಡೀ ಆ ನೋಟಿಸ್ ನೋಡುತ್ತಾ ಕೂತಿದ್ದಾರೆ. ಆ ಹುಡುಗನಿಗೂ ಬಾಗಿಲಲ್ಲೇ ಊಟ, ಇವರಿಗೂ ಬಾಗಿಲಲ್ಲೇ ಊಟ. ಅವರು ಏನು ಅಂದುಕೊಳ್ಳಬೇಕು ಹೇಳಿ.

ಇಲ್ಲಿ ಮೂರು ಬೇರೆ ಬೇರೆ ಸಂಗತಿಗಳನ್ನು ಒಂದೇ ಪಾತ್ರೆಗೆ ಹಾಕಿ ಕಲಸಿದ್ದೇವೆ. ಕಾಯಿಲೆ ಬಂದವರನ್ನು ಬೇರೆ ಇಡುವುದು ಒಂದು. ಸೋಂಕು ತಗುಲಿರಬಹುದು ಎಂಬ ಅನುಮಾನ ಇರುವವರನ್ನು 14 ದಿನ ಬೇರೆ ಇರಿಸಿ ನೋಡುವುದು ಇನ್ನೊಂದು. ಆರೋಗ್ಯವಾಗಿರುವ ಹಿರಿಯರಿಗೆ ಹೊರಗಿನ ಸೋಂಕು ತಾಗದ ಹಾಗೆ ನೋಡಿಕೊಳ್ಳುವುದು ಮೂರನೆಯದು. ಮೊದಲಿನ ಎರಡಕ್ಕೆ ತಟ್ಟೆ ಬೇರೆ ಬೇಕು, ಬಾಗಿಲು ಹಾಕಬೇಕು. ಮೂರನೆಯದಕ್ಕೆ ಹೊರಗಿನಿಂದ ಬರುವವರನ್ನು ದೂರ ಇಡಬೇಕು. ಅಷ್ಟೇ. ವಯಸ್ಸಾದವರು ಮನೆಯಲ್ಲೇ ಇರಲಿ ಎಂದು ಸರ್ಕಾರ ಹೇಳಿದ್ದು ನಿಜ. ಮನೆಯಲ್ಲಿ ಇರಲಿ ಎಂದಿದೆ. ಮನೆಯವರಿಂದ ದೂರ ಒಂದು ರೂಮಿನಲ್ಲಿ ಕೂಡಿಹಾಕಿ ಎಂದಿಲ್ಲ.

ಈ ಗೊಂದಲಕ್ಕೆ ಟಿವಿಯವರದೂ ಪಾಲಿದೆ. ಕಲಬುರಗಿಯಲ್ಲಿ 76 ವರ್ಷದ ಹಿರಿಯರು ತೀರಿಕೊಂಡರಲ್ಲ, ದೇಶದಲ್ಲೇ ಮೊದಲ ಸಾವು ಅದು. ಅವತ್ತಿನಿಂದ 'ವೃದ್ಧರೇ ಎಚ್ಚರ' ಅಂತ ಕೂಗಿದ್ದೇ ಕೂಗಿದ್ದು. ಕೇಳಿ ಕೇಳಿ, ಕಾಯಿಲೆ ವಯಸ್ಸಾದವರಿಗೆ ಬಂದರೆ ಕಷ್ಟ ಅನ್ನುವುದು ಹೋಗಿ, ವಯಸ್ಸಾದವರಿಂದಲೇ ಕಾಯಿಲೆ ಬರುತ್ತದೆ ಎಂಬಂತೆ ಜನ ನಡೆದುಕೊಳ್ಳುತ್ತಿದ್ದಾರೆ.

ಈಗ ನಿಮ್ಮ ಮನೆಯನ್ನೇ ನೋಡೋಣ. ಎರಡು ವಾರದಿಂದ ನೀವು ಗೇಟು ದಾಟಿಲ್ಲ ಎಂದು ಬರೆದಿದ್ದೀರಿ. ಮಕ್ಕಳೂ ದಾಟಿಲ್ಲ. ಅತ್ತೆಯಂತೂ ಹೊಸಿಲೇ ದಾಟಿಲ್ಲ. ದಿನಾ ಹೊರಗೆ ಹೋಗುವವರು ಒಬ್ಬರೇ. ಅದೂ ಎಲ್ಲಿಗೆ? ಕೆಮ್ಮು, ಜ್ವರ ಅಂತ ಜನ ಮೊದಲು ಓಡಿಬರುವ ಜಾಗಕ್ಕೆ. ಕೌಂಟರಿನ ಈಚೆ ನಿಂತು ಬೆಳಗಿನಿಂದ ಸಂಜೆಯವರೆಗೆ ಚೀಟಿ ತಗೊಂಡು, ನೋಟು ತಗೊಂಡು, ಚಿಲ್ಲರೆ ಕೊಟ್ಟು, ರಾತ್ರಿ ಮನೆಗೆ ಬಂದು, ಸ್ನಾನ ಮಾಡಿ, ಹಾಲ್‌ನಲ್ಲಿ ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಟಿವಿ ನೋಡುತ್ತಾರೆ. ಅವರ ತಟ್ಟೆ ನಿಮ್ಮೆಲ್ಲರ ತಟ್ಟೆಯ ಜೊತೆ ಸಿಂಕಿನಲ್ಲಿ. ಅಮ್ಮನ ತಟ್ಟೆ ಮಾತ್ರ ಹೊಸಿಲಿನ ಆಚೆ.

ಅವರು ಮಾಡುತ್ತಿರುವ ಕೆಲಸಕ್ಕೆ ನನ್ನ ನಮಸ್ಕಾರ. ಅವರಂಥವರು ಹೋಗದಿದ್ದರೆ ನಿಮ್ಮ ಅತ್ತೆಯಂಥ ಸಾವಿರಾರು ಜನಕ್ಕೆ ಶುಗರ್ ಮಾತ್ರೆ ಸಿಗುವುದಿಲ್ಲ. ಆದರೆ ಈ ವ್ಯವಸ್ಥೆ ಮಾಡಿದ್ದು ತಪ್ಪು. ಕಷ್ಟ ಯಾರಿಗೆ ಹೊರಿಸಬೇಕು ಅಂತ ಬಂದಾಗ, ಎದುರು ಮಾತಾಡದ ಒಬ್ಬರನ್ನು ಆರಿಸಿಕೊಂಡು ಅದಕ್ಕೆ ಜಾಗ್ರತೆ ಅಂತ ಹೆಸರಿಟ್ಟಿದ್ದಾರೆ. ತಾಯಿಯನ್ನು ಕೂರಿಸಿಕೊಂಡು 'ಅಮ್ಮ, ಹೀಗೆ ಮಾಡೋಣವಾ?' ಎಂದು ಕೇಳಿದ ಸುಳಿವು ನಿಮ್ಮ ಪತ್ರದಲ್ಲಿ ಎಲ್ಲೂ ಇಲ್ಲ. ಈ ಅಂಕಣ ಓದುವವರಿಗೆ ನನ್ನ ಹಠ ಗೊತ್ತು. ಹಿರಿಯರ ಬಗ್ಗೆ ತೀರ್ಮಾನ ಮಾಡುವಾಗ ಹಿರಿಯರು ಆ ಕೋಣೆಯಲ್ಲಿ ಇರಬೇಕು. ಮನೆ ಮಾರುವುದಿರಲಿ, ಕಣ್ಣಿನ ಆಪರೇಷನ್ ಇರಲಿ, ಈ ಕೊರೋನಾ ಇರಲಿ.

ಹಾಗಾಗಿ ನಿಮಗೆ ನಾನು ಹೇಳುವುದು ಒಂದೇ. ಮುಂದಿನ ರೂಮಿಗೆ ನಿಮ್ಮ ಗಂಡ ಹೋಗಲಿ. ಅತ್ತೆ ಒಳಗೆ ಬರಲಿ.

ಆ ರೂಮು ನಿಮ್ಮ ಗಂಡನಿಗೆ ಹೇಳಿ ಮಾಡಿಸಿದ ಹಾಗಿದೆ. ವರಾಂಡದ ಬಾಗಿಲಿನಿಂದ ಸೀದಾ ಒಳಗೆ ಹೋಗಬಹುದು. ಬಾತ್‌ರೂಮ್ ಅಲ್ಲೇ ಇದೆ. ಚಪ್ಪಲಿ, ಬ್ಯಾಗು, ಅಂಗಡಿಯ ಬಟ್ಟೆ ಒಂದೂ ಮನೆಯೊಳಗೆ ಬರುವುದಿಲ್ಲ. ಸ್ಟೂಲು ಇದ್ದಲ್ಲೇ ಇರಲಿ, ಅವರ ತಟ್ಟೆ ಅದರ ಮೇಲೆ ಬರಲಿ. ತರಕಾರಿ, ಹಾಲು ಅವರೇ ತಂದು ವರಾಂಡದಲ್ಲಿಡಲಿ. ತರಕಾರಿಯನ್ನು ಬರೀ ನೀರಿನಲ್ಲಿ ಚೆನ್ನಾಗಿ ತೊಳೆದರೆ ಸಾಕು, ಸೋಪು ಹಾಕಬೇಡಿ. ಅದು ಹೊಟ್ಟೆಗೆ ಹೋಗುತ್ತದೆ. ಸೋಪು ಕೈಗೆ, 20 ಸೆಕೆಂಡ್. ಅವರಿಗೆ ಜ್ವರವೋ ಕೆಮ್ಮೋ ಕಂಡರೆ ಅದೇ ರೂಮಿನಲ್ಲಿದ್ದು ಆರೋಗ್ಯ ಸಹಾಯವಾಣಿ 104ಕ್ಕೆ ಫೋನ್ ಮಾಡಲಿ. ಸಂಜೆ ಅವರು ವರಾಂಡದಲ್ಲಿ ಕುರ್ಚಿ ಹಾಕಿಕೊಳ್ಳಲಿ. ಅತ್ತೆ ಹಾಲ್‌ನ ಕಿಟಕಿಯ ಒಳಗಡೆ, ನಾಲ್ಕು ಹೆಜ್ಜೆ ದೂರದಲ್ಲಿ. ಅಂಗಡಿಯಲ್ಲಿ ಏನಾಯಿತು, ಯಾರು ಬಂದರು, ಮಾತಾಡಲಿ. ಮಗನ ದನಿ ಕೇಳಬೇಕು ಅವರಿಗೆ. ರೂಮು ಬದಲಾದದ್ದು ಯಾಕೆ ಅಂತಲೂ ಮಗನೇ ಬಾಯಿಬಿಟ್ಟು ಹೇಳಲಿ: 'ಅಮ್ಮ, ದೂರ ಇರಬೇಕಾದವನು ನಾನು. ನೀನಲ್ಲ.' ಇದನ್ನು ನೀವು ಹೇಳಿದರೆ ಆಗುವುದಿಲ್ಲ.

ಅದಕ್ಕಿಂತ ಮೊದಲು ಇವತ್ತೇ ಆಗಬೇಕಾದ ಒಂದು ಕೆಲಸ ಇದೆ, ದಯವಿಟ್ಟು ಗಮನ ಕೊಟ್ಟು ಓದಿ. ಅತ್ತೆ ಊಟ ಅರ್ಧ ಬಿಡುತ್ತಾರೆ ಎಂದಿರಿ. ಮಾತ್ರೆ ಅರ್ಧ ಬಿಡುತ್ತಾರಾ? ಇಲ್ಲ ತಾನೆ? ಊಟ ಅರ್ಧ, ಶುಗರ್ ಮಾತ್ರೆ ಪೂರ್ತಿ ಆದರೆ ಕೆಲವು ಮಾತ್ರೆಗಳಲ್ಲಿ ಸಕ್ಕರೆ ಅಂಶ ಧಡಕ್ಕನೆ ಇಳಿಯುತ್ತದೆ. ಇನ್ಸುಲಿನ್ ಆದರಂತೂ ಇನ್ನೂ ಜಾಸ್ತಿ. ಮೈ ಬೆವರುವುದು, ಕೈ ನಡುಗುವುದು, ತಲೆ ಸುತ್ತುವುದು, ಮಾತು ತೊದಲುವುದು, ಮಂಪರು. ನೀವು ಬೇಜಾರು ಅಂದುಕೊಂಡಿರುವ ಹಗಲು ನಿದ್ದೆಯಲ್ಲಿ ಇದೂ ಸೇರಿರಬಹುದು. ಮನೆಯಲ್ಲಿ ಗ್ಲುಕೋಮೀಟರ್ ಇದ್ದರೆ ಈಗಲೇ ನೋಡಿ. 70ಕ್ಕಿಂತ ಕೆಳಗಿದ್ದರೆ, ಅವರಿಗೆ ಎಚ್ಚರವಿದ್ದು ನುಂಗಲು ಆಗುತ್ತಿದ್ದರೆ, ಮೂರು ಚಮಚ ಸಕ್ಕರೆ ನೀರಿನಲ್ಲಿ ಕಲಸಿ ಕುಡಿಸಿ, ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಿ. ಎಬ್ಬಿಸಿದರೂ ಏಳದಿದ್ದರೆ, ಮಾತು ಅಡ್ಡಾದಿಡ್ಡಿಯಾದರೆ ಕಾಯಬೇಡಿ, 108ಕ್ಕೆ ಫೋನ್ ಮಾಡಿ. ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ. ಅವರನ್ನು ನೋಡುವ ಡಾಕ್ಟರಿಗೆ ಫೋನ್ ಮಾಡಿ, ಇಷ್ಟು ಊಟ ಮಾಡುತ್ತಿದ್ದಾರೆ, ಇಷ್ಟು ಮಾತ್ರೆ ಎಂದು ಹೇಳಿ. ಆಸ್ಪತ್ರೆಗೆ ಕರೆದುಕೊಂಡು ಹೋಗಲು ಭಯ ಎಂದು ಬರೆದಿದ್ದೀರಿ. ಡಾಕ್ಟರುಗಳು ಫೋನಿನಲ್ಲಿ, ವಿಡಿಯೋದಲ್ಲಿ ನೋಡಿ ಔಷಧಿ ಬರೆದುಕೊಡಲು ಮಾರ್ಚ್ 25ರಂದೇ ಕೇಂದ್ರ ಸರ್ಕಾರದ ನಿಯಮ ಬಂದಿದೆ. ಕೇಳಲು ಸಂಕೋಚ ಬೇಡ.

ನಿಮ್ಮ ನಾದಿನಿಯ ಬಗ್ಗೆಯೂ ಹೇಳಿಬಿಡುತ್ತೇನೆ. ಮೈಸೂರಿನಿಂದ ದಿನಾ ರಾತ್ರಿ ನಿಮಗೆ ಫೋನ್ ಮಾಡಿ 'ಅಮ್ಮನಿಗೆ ಏನಾದ್ರೂ ಆದ್ರೆ ನೀನೇ ಜವಾಬ್ದಾರಿ' ಅನ್ನುತ್ತಾರಂತೆ. ನೀವು ಅದನ್ನು ಒಂದು ಸಾಲಿನಲ್ಲಿ ಬರೆದಿದ್ದೀರಿ, ನನಗೆ ಸಿಟ್ಟು ಬಂತು. ಈ ಮನೆಯಲ್ಲಿ ಬಾಗಿಲು ಮುಚ್ಚಿಸಿದ ಭಯ ಅರ್ಧ ಆ ಫೋನಿನದೇ. ಸೊಸೆಯನ್ನು ಹೆದರಿಸಿದರೆ ಸೊಸೆ ಏನು ಮಾಡುತ್ತಾಳೆ? ಇನ್ನೊಂದು ಚಿಲಕ ಹಾಕುತ್ತಾಳೆ. ಅಮ್ಮನ ಮೇಲೆ ಅಷ್ಟು ಕಾಳಜಿ ಇದ್ದರೆ ಅವರು ಅಮ್ಮನಿಗೇ ಫೋನ್ ಮಾಡಲಿ. ಶುಗರ್ ಎಷ್ಟು, ಕೈ ತೊಳೆದೆಯಾ ಎಂದು ಕೇಳುವುದಕ್ಕಲ್ಲ. ಮಾವಿನಕಾಯಿ ಸಿಕ್ಕಿದೆ, ಉಪ್ಪಿನಕಾಯಿಗೆ ಖಾರದ ಪುಡಿ ಎಷ್ಟು ಹಾಕಲಿ ಎಂದು ಕೇಳಲಿ. ಹೋಳಿಗೆ ಕಣಕ ಹರಿಯುತ್ತದೆ, ಯಾಕೆ ಎಂದು ಕೇಳಲಿ. ಗೊತ್ತಿರುವವರನ್ನು ಗೊತ್ತಿರುವುದರ ಬಗ್ಗೆ ಕೇಳಬೇಕು.

ಹೋಳಿಗೆ ಅಂದಾಗ ನೆನಪಾಯಿತು. ಯುಗಾದಿ ಈ ಸಲ ಲಾಕ್‌ಡೌನಿನ ಮೊದಲ ದಿನವೇ ಬಂತು. ಬೇವು ಬೆಲ್ಲವನ್ನೂ ಸ್ಟೂಲಿನ ಮೇಲೆ ಇಟ್ಟು ಬಂದೆ ಎಂದು ಬರೆದಿದ್ದೀರಿ. ಮನೆಗೆ ಹಿರಿಯರು ತಮ್ಮ ಕೈಯಾರೆ ಹಂಚಬೇಕಾದ ಬೇವು ಬೆಲ್ಲ ಅದು. ಅವರು ಒಳಗೆ ಬಂದ ದಿನ ಸ್ವಲ್ಪ ಬೇವು ಬೆಲ್ಲ ಮಾಡಿ ಅವರ ಕೈಗೆ ಕೊಡಿ, ಮಕ್ಕಳಿಗೆ ಅವರೇ ಕೊಡಲಿ. ಹಬ್ಬ ಆಗಿಹೋದರೆ ಏನಂತೆ.

ಇನ್ನು ಬೇಜಾರು ಕಳೆಯುವ ಪ್ರಶ್ನೆ. ಅದಕ್ಕೆ ಭಜನೆಯೂ ಬೇಡ, ಟಿವಿಯೂ ಬೇಡ. ನಿಮ್ಮ ಅತ್ತೆ ಎರಡು ಸಲ 'ಸೊಪ್ಪಾದ್ರೂ ಬಿಡಿಸಿಕೊಡ್ತೀನಿ, ಕೊಡು' ಎಂದು ಕೇಳಿದ್ದಾರೆ. ಹೊರಗಿನಿಂದ ಬಂದ ಸೊಪ್ಪು, ಬೇಡ ಎಂದಿದ್ದೀರಿ. ತೊಳೆದು ಕೊಡಿ. ಆಮೇಲೆ ಅವರು ಕೈ ತೊಳೆದುಕೊಳ್ಳಲಿ. ಸೊಪ್ಪು ಬಿಡಿಸಲಿ, ಬೆಳ್ಳುಳ್ಳಿ ಸುಲಿಯಲಿ, ಅಕ್ಕಿ ಆರಿಸಲಿ. ಮೊದಲು ಬ್ಲೌಸ್ ಹೊಲಿಯುತ್ತಿದ್ದರು ಎಂದೂ ಬರೆದಿದ್ದೀರಿ. ಹೊರಗೆ ಹೋಗುವವರು ಮನೆಯಲ್ಲೇ ಹೊಲಿದ ಬಟ್ಟೆ ಮಾಸ್ಕ್ ಹಾಕಿಕೊಳ್ಳಿ ಎಂದು ಸರ್ಕಾರ ಈಗ ತಾನೇ ಹೇಳಿದೆ. ಒಂದು ಹಳೆಯ ಕಾಟನ್ ಸೀರೆ ತೆಗೆದು ಕೊಡಿ. ಮಗನಿಗೆ ದಿನಕ್ಕೊಂದು ಬೇಕು, ತೊಳೆದು ಒಣಗಿಸಲು ಇನ್ನೊಂದು ಜೊತೆ ಬೇಕು. ಅಮ್ಮ ಹೊಲಿಯಲಿ. ಕೈಗೆ ಕೆಲಸ ಇಲ್ಲದ ಹಿರಿಯರು ದಿನ ಎಣಿಸುತ್ತಾರೆ, ನಾನು ಇದನ್ನು ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ.

ಒಂಟಿಯಾಗಿರುವ ಹಿರಿಯರು ಯಾರಾದರೂ ಇದನ್ನು ಓದುತ್ತಿದ್ದರೆ, ಔಷಧಿಗೆ, ದಿನಸಿಗೆ ತೊಂದರೆಯಾದರೆ ಬೆಂಗಳೂರಿನಲ್ಲಿ ಹಿರಿಯರ ಸಹಾಯವಾಣಿ 1090 ಇದೆ, ಫೋನ್ ಮಾಡಿ. ನನಗೂ ಬರೆಯಿರಿ. ನಿಮ್ಮ ಬಗ್ಗೆ ನಿಮ್ಮ ಮಕ್ಕಳು ಬರೆದದ್ದು ಸಾಕಷ್ಟು ಓದಿದ್ದೇನೆ.

ವಿಜಯನಗರದ ತಂಗಿಗೆ ಕೊನೆಯದಾಗಿ. ಗಂಡ ಒಪ್ಪುತ್ತಾರೋ ಇಲ್ಲವೋ ಎಂಬ ಅಳುಕು ನಿಮಗೆ ಈಗಾಗಲೇ ಶುರುವಾಗಿರುತ್ತದೆ. ನೀವು ವಾದ ಮಾಡಬೇಡಿ. ಇದನ್ನು ಓದಲು ಕೊಡಿ. ಅವರು ಅಂಗಡಿಯಲ್ಲಿ ದಿನಾ ಹತ್ತಾರು ಜನಕ್ಕೆ ಯಾವುದು ಯಾಕೆ ಅಂತ ತಿಳಿಸಿ ಹೇಳುವವರು, ಲೆಕ್ಕ ಗೊತ್ತಾಗುತ್ತದೆ. ಆಮೇಲೂ ಅಮ್ಮನೇ ಅಲ್ಲಿರಲಿ ಅಂದರೆ, ಯಾಕೆ ಅಂತ ನನಗೆ ಅವರೇ ಬರೆಯಲಿ. ಡಾಕ್ಟರಿಗೆ ಫೋನ್ ಮಾತ್ರ ಅವರಿಗಾಗಿ ಕಾಯದೆ ಈಗಲೇ ಮಾಡಿ.