ಅಪ್ಪ ಮಾತು ಬಿಡುತ್ತಿದ್ದ ಮನೆ, ನಿಮ್ಮ ಈಗಿನ ಪ್ರೀತಿ

(ಪತ್ರದ ಸಾರಾಂಶ: ನಾನು ತೀರ್ಥಹಳ್ಳಿ ಕಡೆಯವಳು. ವಯಸ್ಸು 25, ಕೆಲಸ ಶಿವಮೊಗ್ಗದಲ್ಲಿ. ಅಪ್ಪ ಸಿಟ್ಟು ಬಂದರೆ ಅಮ್ಮನ ಜೊತೆ ವಾರಗಟ್ಟಲೆ ಮಾತು ಬಿಡುತ್ತಿದ್ದರು. ನಡುವೆ ಸುದ್ದಿ ಮುಟ್ಟಿಸುವವಳು ನಾನು. ಹೈಸ್ಕೂಲಿಗೆ ಸಾಗರದ ದೊಡ್ಡಮ್ಮನ ಮನೆಗೆ ಕಳಿಸಿದರು. ಈಗ ಒಬ್ಬನನ್ನು ಪ್ರೀತಿಸುತ್ತಿದ್ದೇನೆ. ಹೊಸನಗರದ ಹತ್ತಿರದ ಅವನ ಊರಲ್ಲಿ ನೆಟ್‌ವರ್ಕ್ ಇಲ್ಲ. ಅದು ಗೊತ್ತಿದ್ದರೂ ಅವನು ಊರಿಗೆ ಹೋದಾಗ ನನಗೆ ರಾತ್ರಿಯಿಡೀ ನಿದ್ದೆ ಬರುವುದಿಲ್ಲ. ಮರುದಿನ ಅವನು ಫೋನ್ ಮಾಡಿದರೆ ಎತ್ತುವುದಿಲ್ಲ. ಮನೆಯಲ್ಲಿ ಕಂಡಿದ್ದೇ ನನ್ನ ಹಣೆಬರಹವಾ? ಅವನಿಗೆ ಹೇಳಬೇಕಾ, ಸುಮ್ನೆ ದೂರ ಆಗಬೇಕಾ?)

ಕೊನೆಯ ಪ್ರಶ್ನೆಗೆ ಮೊದಲು ಉತ್ತರ. ದೂರ ಆಗಬೇಡಿ. ಬಸ್ಸಿನಲ್ಲಿ ಸಿಗ್ನಲ್ ಸಿಕ್ಕಿದ ಕೂಡಲೇ ಅವನು ಫೋನ್ ಮಾಡುತ್ತಾನೆ ಅಂತ ನೀವೇ ಬರೆದಿದ್ದೀರಿ. ಇದರಲ್ಲಿ ಅವನ ತಪ್ಪು ನನಗೆ ಕಾಣಲಿಲ್ಲ.

ನಿಮ್ಮ ಭಯ ಅವನಿಗಿಂತ ಹಳೆಯದು. ಮಾತು ನಿಂತಿತು ಅಂದರೆ ಯಾರಿಗೋ ಸಿಟ್ಟು ಬಂದಿದೆ, ನಾನೇನೋ ತಪ್ಪು ಮಾಡಿದ್ದೇನೆ ಅಂತ ಚಿಕ್ಕವರಿದ್ದಾಗಲೇ ಕಲಿತಿರಿ, ಆ ಮನೆಯಲ್ಲಿ ಅದು ಎಷ್ಟೋ ಸಲ ನಿಜವೂ ಆಗಿತ್ತು. ಜಗಲಿಯಲ್ಲಿ ಅಪ್ಪ, ಒಳಗೆ ಅಮ್ಮ, ಊಟಕ್ಕೆ ಬರಬೇಕಂತೆ ಅಂತ ಹೇಳಲು ನೀವು. ನಮ್ಮ ಕಡೆ ಪಕ್ಕದ ಮನೆ ಅಂದರೆ ತೋಟ ದಾಟಿ ಹೋಗಬೇಕು, ಮಳೆಗಾಲದಲ್ಲಿ ಅದೂ ಇಲ್ಲ. ಮಗು ಎಲ್ಲಿಗೆ ಹೋಗಬೇಕು? ಬ್ರಿಟನ್ನಿನ ಮನೋವೈದ್ಯ ಜಾನ್ ಬೌಲ್ಬಿ ಹೇಳಿದ್ದು ಇದನ್ನೇ. ಕರೆದರೆ ಯಾರಾದರೂ ಬರುತ್ತಾರಾ, ಅಷ್ಟು ಪ್ರೀತಿ ನನಗೆ ಸಲ್ಲುತ್ತದಾ, ಈ ಎರಡು ಪ್ರಶ್ನೆಗೆ ಮಗು ಮನೆಯಲ್ಲೇ ಉತ್ತರ ಕಂಡುಕೊಳ್ಳುತ್ತದೆ. ದೊಡ್ಡವರಾದ ಮೇಲೂ ಆ ಉತ್ತರ ಜೊತೆಗೇ ಬರುತ್ತದೆ.

1987ರಲ್ಲಿ ಸಿಂಡಿ ಹಜಾನ್ ಮತ್ತು ಫಿಲಿಪ್ ಶೇವರ್ ಅನ್ನುವ ಮನಶ್ಶಾಸ್ತ್ರಜ್ಞರು ಇದನ್ನು ಪ್ರೇಮಕ್ಕೆ ಹೊಂದಿಸಿ ನೋಡಿದ ಪ್ರಬಂಧ ಬಂತು. ಅವರು ಅಮೆರಿಕದ ಡೆನ್ವರ್ ನಗರದ ಒಂದು ದಿನಪತ್ರಿಕೆಯಲ್ಲಿ ಪ್ರಶ್ನೆ ಹಾಕಿ ಓದುಗರಿಂದಲೇ ಉತ್ತರ ತರಿಸಿಕೊಂಡಿದ್ದರು, ಪತ್ರಿಕೆಯಲ್ಲಿರುವ ನನಗೆ ಅದು ತುಂಬಾ ಇಷ್ಟ. 620 ಉತ್ತರಗಳಲ್ಲಿ ನೂರಕ್ಕೆ 56 ಜನ ನಿರಾಳವಾಗಿ ಹತ್ತಿರವಾಗುವವರು, 25 ಜನ ಯಾರಾದರೂ ಹತ್ತಿರ ಬಂದರೆ ಹಿಂದೆ ಸರಿಯುವವರು, 19 ಜನ ನಿಮ್ಮ ಹಾಗೆ ಬಿಟ್ಟು ಹೋಗುತ್ತಾರೇನೋ ಅಂತ ಹೆದರುವವರು. ಯಾರು ಯಾವ ಗುಂಪು ಅನ್ನುವುದು ಅಪ್ಪ ಅಮ್ಮ ತಮ್ಮ ಜೊತೆ ಹೇಗಿದ್ದರು, ಅವರಿಬ್ಬರೂ ಪರಸ್ಪರ ಹೇಗಿದ್ದರು ಅನ್ನುವುದಕ್ಕೆ ಜಾಸ್ತಿ ಹೊಂದಿತು. ಅಪ್ಪ ಅಮ್ಮನಿಂದ ದೂರ ಇದ್ದಿದ್ದಕ್ಕೆ ಸಂಬಂಧ ಕಾಣಲಿಲ್ಲ. ಜನ ನೆನಪಿನಿಂದ ಹೇಳಿದ್ದು ಅನ್ನುವುದೂ ಸರಿಯೇ. ಆದರೂ, ಸಾಗರಕ್ಕೆ ಕಳಿಸಿದ್ದೇ ಎಲ್ಲಕ್ಕೂ ಕಾರಣ ಅನ್ನುವ ನಿಮ್ಮ ಮಾತನ್ನು ನಾನು ಒಪ್ಪುವುದಿಲ್ಲ.

ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸಿದ್ದು ನೀವು ಒಂದೇ ಸಾಲಿನಲ್ಲಿ ದಾಟಿಸಿಬಿಟ್ಟ ವಿಷಯ. ದೊಡ್ಡಮ್ಮ ಎಷ್ಟೇ ಬೈದರೂ ಅರ್ಧ ಗಂಟೆಯಲ್ಲಿ 'ಬಾ, ಕಾಫಿ ಕುಡಿ' ಅಂತ ಕರೆಯುತ್ತಿದ್ದರು ಅಂದಿರಲ್ಲ, ಅದು. ಆ ಮನೆಯಲ್ಲೂ ಸಿಟ್ಟು ಇತ್ತು. ಅದು ಮುಗಿಯುತ್ತಿತ್ತು, ಮುಗಿಸುವವರು ದೊಡ್ಡವರೇ ಆಗಿದ್ದರು. ಮೂರು ವರ್ಷ ಹಾಗೆ ಬದುಕಿದ್ದೀರಿ, ಅದು ಲೆಕ್ಕಕ್ಕಿಲ್ಲವಾ? ಅಮೆರಿಕದ ಮಿನ್ನೆಸೋಟಾದಲ್ಲಿ ಮಕ್ಕಳನ್ನು ಹಸುಳೆಯಿಂದ ಇಪ್ಪತ್ತು ದಾಟುವವರೆಗೆ ಗಮನಿಸಿದ ಅಧ್ಯಯನವೊಂದರ ಫಲಿತಾಂಶ 2007ರಲ್ಲಿ ಬಂತು. ಒಂದು ವರ್ಷದ ಮಗುವಿಗೆ ಅಮ್ಮನ ಹತ್ತಿರ ಸಿಕ್ಕ ನೆಮ್ಮದಿ ನೇರವಾಗಿ ಪ್ರೇಮಕ್ಕೆ ಹೋಗಲಿಲ್ಲ. ಮೊದಲು ಶಾಲೆಯಲ್ಲಿ ಬೇರೆ ಮಕ್ಕಳ ಜೊತೆ ಬೆರೆಯುವುದರಲ್ಲಿ ಕಂಡಿತು, ಆಮೇಲೆ 16ನೇ ವಯಸ್ಸಿನ ಗೆಳೆತನದಲ್ಲಿ, ಅಲ್ಲಿಂದ ಪ್ರೀತಿಗೆ ಬಂತು. ನಡುವೆ ಇಷ್ಟು ಜನ ಬರುತ್ತಾರೆ ಅಂದಮೇಲೆ ಹಣೆಬರಹ ಅನ್ನುವ ಮಾತೇ ಬೇಡ.

ಒಂದು ವಿಷಯ ಮಾತ್ರ ನನಗೆ ಬೇಸರ ತಂದಿತು. ಮರುದಿನ ಫೋನ್ ಎತ್ತುವುದಿಲ್ಲ ಅಂದಿರಿ. ಅಮ್ಮನಿಗೆ ಅಪ್ಪ ಮಾಡಿದ್ದನ್ನೇ ನೀವು ಅವನಿಗೆ ಮಾಡುತ್ತಿದ್ದೀರಿ, ಅಲ್ವಾ? ಇದು ನಿಲ್ಲಬೇಕು, ಮೊದಲು ನಿಲ್ಲಬೇಕಾದ್ದು ಇದೇ. ಫೋನ್ ಎತ್ತಿ. 'ಸಿಟ್ಟಲ್ಲಿದ್ದೀನಿ, ಸಂಜೆ ಮಾತಾಡ್ತೀನಿ' ಅಂತ ಹೇಳಿ ಇಡಿ, ಸಂಜೆ ನೀವೇ ಫೋನ್ ಮಾಡಿ.

ಅವನಿಗೆ ಹೇಳಬೇಕಾ ಅಂದರೆ ಖಂಡಿತ ಹೇಳಿ. ಜಗಳ ಇಲ್ಲದ ದಿನ, ಎದುರು ಕೂತು, ಅಪ್ಪನ ವಿಷಯ, ದೊಡ್ಡಮ್ಮನ ವಿಷಯ ಎರಡನ್ನೂ ಹೇಳಿ. ಊರಿಗೆ ಹೋಗುವಾಗ ನೆಟ್‌ವರ್ಕ್ ಹೋಗುವ ಮೊದಲು 'ನಾಳೆ ಹತ್ತಕ್ಕೆ ಮಾಡ್ತೀನಿ' ಅಂತ ಒಂದು ಮೆಸೇಜ್ ಹಾಕಲು ಕೇಳಿ. ಅದಕ್ಕಿಂತ ಜಾಸ್ತಿ ಬೇಡ, ರಾತ್ರಿ ಮಳೆಯಲ್ಲಿ ಗುಡ್ಡ ಹತ್ತಿ ಫೋನ್ ಮಾಡು ಅನ್ನುವ ಹಠ ಬೇಡವೇ ಬೇಡ. ಇಷ್ಟಾದರೂ ನಿದ್ದೆ ಬಾರದಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ. ಸರ್ಕಾರದ್ದು, ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಹೇಳಿದ ಮೇಲೆ ಅವನು ಏನು ಮಾಡುತ್ತಾನೆ ನೋಡಿ. ಕೇಳಿಸಿಕೊಂಡು ಆ ಮೆಸೇಜ್ ಹಾಕಿದರೆ ಒಳ್ಳೆಯದು, ಮರೆತರೆ ಇನ್ನೊಮ್ಮೆ ನೆನಪಿಸಿ. ಆದರೆ ಮುಂದಿನ ಜಗಳದಲ್ಲಿ ಇದನ್ನೇ ಎತ್ತಿ ನಿಮ್ಮನ್ನು ಹಂಗಿಸಿದರೆ, ಅದು ನಿಮ್ಮ ಹಳೆಯ ಭಯದ ವಿಷಯವಲ್ಲ, ಅವನ ನಡವಳಿಕೆಯ ವಿಷಯ. ಆಗ ದೂರ ಆಗುವ ಪ್ರಶ್ನೆಯನ್ನು ಮತ್ತೆ ಕೇಳಿಕೊಳ್ಳಿ, ನನಗೂ ಬರೆಯಿರಿ.

— ಸಂಪಾದಕ