ಬೀಗದ ಕೈ ಯಾರ ಸೊಂಟದಲ್ಲಿರಬೇಕು?

ಮಲ್ಲೇಶ್ವರದಿಂದ ನಿವೃತ್ತ ಗಣಿತ ಟೀಚರ್ ಒಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕಿಲ್ಲ. ಪತ್ರದ ಮುಖ್ಯ ಭಾಗ ಇದು:

"2021ರಿಂದ ಪಿಂಚಣಿಯಲ್ಲಿ ಅಷ್ಟಿಷ್ಟು ಉಳಿಸಿ ಬಿಟ್‌ಕಾಯಿನ್ ಎಂಬ ಡಿಜಿಟಲ್ ನಾಣ್ಯ ಕೊಂಡಿದ್ದೇನೆ. ಎಲ್ಲವೂ ಅದನ್ನು ಕೊಂಡು ಮಾರುವ ಒಂದು ಎಕ್ಸ್‌ಚೇಂಜ್‌ನ ಆ್ಯಪ್‌ನಲ್ಲೇ ಇತ್ತು. ವಜೀರ್‌ಎಕ್ಸ್ ಎನ್ನುವ ಎಕ್ಸ್‌ಚೇಂಜ್‌ನಲ್ಲಿ ಕಳ್ಳತನವಾದ ಸುದ್ದಿ ಓದಿ ಹೆದರಿಕೆಯಾಯಿತು. ಅಳಿಯನ ಕೈಲಿ, ನಾಣ್ಯ ನಾವೇ ಇಟ್ಟುಕೊಳ್ಳುವ ಮೊಬೈಲ್ ವ್ಯಾಲೆಟ್ ಹಾಕಿಸಿ ಅರ್ಧ ಅಲ್ಲಿಗೆ ಸಾಗಿಸಿದೆ. ಅದು 12 ಇಂಗ್ಲಿಷ್ ಪದ ಕೊಟ್ಟಿತು. ಮರೆಯದಿರಲಿ ಎಂದು ಫೋಟೊ ತೆಗೆದಿಟ್ಟೆ, ಅಳಿಯನಿಗೂ ವಾಟ್ಸ್ಆ್ಯಪ್ ಮಾಡಿದೆ. ಈಗ ನನ್ನ ತಮ್ಮನ ಮಗ, 'ಅತ್ತೆ, ಎಲ್ಲಾ ವಾಪಸ್ ಎಕ್ಸ್‌ಚೇಂಜ್‌ಗೇ ಹಾಕಿಬಿಡಿ, ಅಲ್ಲಿ ಕಸ್ಟಮರ್ ಕೇರ್ ಆದ್ರೂ ಇರತ್ತೆ' ಅಂತಾನೆ. ಯಾವುದು ಸರಿ?"

ಮೇಡಂ, ಉತ್ತರ ಮೊದಲೇ ಹೇಳಿಬಿಡುತ್ತೇನೆ. ವಾಪಸ್ ಹಾಕಬೇಡಿ. ಅಲ್ಲಿ ಉಳಿದಿರುವ ಅರ್ಧವನ್ನೂ ಈಚೆ ತನ್ನಿ. ಬಿಟ್‌ಕಾಯಿನ್ ಕೊಳ್ಳಬೇಕೋ ಬೇಡವೋ ಎಂದು ನೀವು ಕೇಳಿಲ್ಲ, ಆ ಚರ್ಚೆಗೆ ನಾನು ಹೋಗುವುದಿಲ್ಲ. ಆದರೆ ಆ ಫೋಟೊ ವಿಷಯ ಓದಿ ನನಗೆ ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ. ಅದಕ್ಕೆ ಆಮೇಲೆ ಬರುತ್ತೇನೆ.

ನಿಮ್ಮ ತಮ್ಮನ ಮಗನ ಮಾತಿನಲ್ಲಿ ಹುರುಳಿಲ್ಲ ಎಂದಲ್ಲ. ಎಕ್ಸ್‌ಚೇಂಜ್‌ನಲ್ಲಿ ಪಾಸ್‌ವರ್ಡ್ ಮರೆತರೆ ಪ್ಯಾನ್, ಆಧಾರ್ ತೋರಿಸಿ ಖಾತೆ ತೆರೆಸಬಹುದು. 2023ರ ಮಾರ್ಚ್‌ನಿಂದ ಅಕ್ರಮ ಹಣ ತಡೆ ಕಾಯ್ದೆ ಎಕ್ಸ್‌ಚೇಂಜ್‌ಗಳಿಗೂ ಅನ್ವಯಿಸುತ್ತದೆ. 2025ರ ಜುಲೈನಲ್ಲಿ ಕಾಯಿನ್‌ಡಿಸಿಎಕ್ಸ್ ಎನ್ನುವ ಎಕ್ಸ್‌ಚೇಂಜ್‌ನಿಂದ ಸುಮಾರು 4.4 ಕೋಟಿ ಡಾಲರ್ ಕಳುವಾದಾಗ, ನಷ್ಟ ನಮ್ಮದೇ, ಗ್ರಾಹಕರ ಹಣಕ್ಕೆ ಏನೂ ಆಗಿಲ್ಲ ಎಂದು ಕಂಪನಿ ಹೇಳಿತು. ದಿನವೂ ಕೊಂಡು ಮಾರುವವರಿಗೆ ಎಕ್ಸ್‌ಚೇಂಜ್ ಬೇಕೇ ಬೇಕು. ಇಷ್ಟನ್ನು ಒಪ್ಪುತ್ತೇನೆ. ಆದರೆ ನೀವು ದಿನವೂ ಮಾರುವವರಲ್ಲ, ಕೂಡಿಡುವವರು.

ನನ್ನ ದೊಡ್ಡಪ್ಪ ರಿಟೈರ್ ಆದಾಗ ಬಂದ ದುಡ್ಡನ್ನೆಲ್ಲ ಒಂದು ಸಹಕಾರಿ ಬ್ಯಾಂಕಿನಲ್ಲಿ ಇಟ್ಟಿದ್ದರು. ಅರ್ಧ ಪರ್ಸೆಂಟ್ ಬಡ್ಡಿ ಜಾಸ್ತಿ, ಮ್ಯಾನೇಜರ್ ಪರಿಚಯದವರು, ಹೋದರೆ ಕಾಫಿ ಕೊಡುತ್ತಿದ್ದರು. ಒಂದು ಬೆಳಿಗ್ಗೆ ಬಾಗಿಲಿಗೆ ನೋಟಿಸ್ ಅಂಟಿಸಿದ್ದರು. ನಾನೂ ಅವರ ಜತೆ ಆ ಸಾಲಿನಲ್ಲಿ ನಿಂತಿದ್ದೆ. ಬಿಸಿಲಲ್ಲಿ ಮೂರು ಗಂಟೆ. ದೊಡ್ಡಪ್ಪ ಪಾಸ್‌ಬುಕ್ಕನ್ನು ಪ್ಲಾಸ್ಟಿಕ್ ಕವರಿನಿಂದ ತೆಗೆಯೋದು, ಕೊನೆಯ ಸಾಲಿನ ಮೊತ್ತದ ಮೇಲೆ ಬೆರಳಿಟ್ಟು ನೋಡೋದು, ಮತ್ತೆ ಒಳಗಿಡೋದು. ಅಂಕಿ ಪಾಸ್‌ಬುಕ್ಕಿನಲ್ಲಿತ್ತು, ದುಡ್ಡು ಕೌಂಟರಿನಲ್ಲಿರಲಿಲ್ಲ. ಎಕ್ಸ್‌ಚೇಂಜ್‌ನ ಆ್ಯಪ್‌ನಲ್ಲಿ ಕಾಣುವ ನಿಮ್ಮ ಬಿಟ್‌ಕಾಯಿನ್ ಅಂಥ ಪಾಸ್‌ಬುಕ್ಕಿನ ಅಂಕಿ ಮೇಡಂ. ನಾಣ್ಯಗಳೆಲ್ಲ ಕಂಪನಿಯ ವ್ಯಾಲೆಟ್‌ಗಳಲ್ಲಿ ಒಟ್ಟಿಗೆ ಇರುತ್ತವೆ. ಬೀಗದ ಕೈ ಅವರದು. ನಿಮಗೆ ಉಳಿಯುವುದು ಕೇಳುವ ಹಕ್ಕು ಮಾತ್ರ.

ಬ್ಯಾಂಕಿನಲ್ಲಾದರೆ 5 ಲಕ್ಷ ರೂಪಾಯಿವರೆಗೆ ಠೇವಣಿ ವಿಮೆ ಇದೆ. ಇಲ್ಲಿ ಅದೂ ಇಲ್ಲ. ಲಾಭ ಬಂದರೆ 30 ಪರ್ಸೆಂಟ್ ತೆರಿಗೆ, ಮಾರಿದಾಗ 1 ಪರ್ಸೆಂಟ್ ಟಿಡಿಎಸ್. ಅದನ್ನು ಸರ್ಕಾರ 2022ರಿಂದ ತಪ್ಪದೆ ವಸೂಲಿ ಮಾಡುತ್ತಿದೆ. ವಸೂಲಿಗೆ ಮುಂದೆ ಬರುವವರು ಕಾಪಾಡುವ ಹೊತ್ತಿಗೂ ಬರಬೇಕು ಎಂದು ಕೇಳುವುದು ತಪ್ಪಾ?

ವಜೀರ್‌ಎಕ್ಸ್‌ನಲ್ಲಿ ಆಗಿದ್ದನ್ನು ನೀವು ಓದಿದ್ದೀರಿ. 2024ರ ಜುಲೈ 18ರಂದು ಸುಮಾರು 23 ಕೋಟಿ ಡಾಲರ್ ಹೋಯಿತು. ಒಬ್ಬರ ಸಹಿ ಸಾಲದು, ಹಲವರ ಸಹಿ ಬೇಕು ಎನ್ನುವಂಥ ವ್ಯಾಲೆಟ್ ಅದು. ಆದರೂ ಹೋಯಿತು. ಕದ್ದದ್ದು ಇಥೀರಿಯಂ ಎಂಬ ಬೇರೊಂದು ಜಾಲದ ನಾಣ್ಯಗಳನ್ನು, ನಷ್ಟ ಹಂಚಿದ್ದು ಬಿಟ್‌ಕಾಯಿನ್ ಇಟ್ಟವರಿಗೂ! ಒಂದು ವರ್ಷಕ್ಕೂ ಹೆಚ್ಚು ಕಾಲ ಯಾರೂ ತಮ್ಮ ನಾಣ್ಯ ಈಚೆ ತೆಗೆಯಲಾಗಲಿಲ್ಲ. ಯಾರಿಗೆ ಎಷ್ಟು ಪಾಲು ಎಂಬ ತೀರ್ಮಾನ ಆದದ್ದು ಸಿಂಗಪುರದ ಕೋರ್ಟಿನಲ್ಲಿ. ರಾಜಾಜಿನಗರದಲ್ಲಿ ಕೂತು ಉಳಿಸಿದವರು ಸಿಂಗಪುರದ ಕೋರ್ಟಿಗೆ ಹೇಗೆ ಹೋಗಬೇಕು?

ಇದು ನಮ್ಮ ದೇಶದ ಕಥೆ ಮಾತ್ರ ಅಲ್ಲ. ಟೋಕಿಯೊದ ಮೌಂಟ್ ಗಾಕ್ಸ್ ಎಕ್ಸ್‌ಚೇಂಜ್ 2014ರಲ್ಲಿ ಮುಳುಗಿದಾಗ ಸುಮಾರು 8.5 ಲಕ್ಷ ಬಿಟ್‌ಕಾಯಿನ್ ಕಾಣೆಯಾಗಿತ್ತು. ಆಮೇಲೆ 2 ಲಕ್ಷ ಸಿಕ್ಕಿತು. ಅದನ್ನು ಗ್ರಾಹಕರಿಗೆ ಹಂಚಲು ಶುರು ಮಾಡಿದ್ದು 2024ರಲ್ಲಿ. ಹತ್ತು ವರ್ಷ! ಎಫ್‌ಟಿಎಕ್ಸ್ ಎನ್ನುವ ಇನ್ನೊಂದು ಎಕ್ಸ್‌ಚೇಂಜ್‌ನ ಮಾಲೀಕ ಸ್ಯಾಮ್ ಬ್ಯಾಂಕ್‌ಮನ್ ಫ್ರೀಡ್ ಗ್ರಾಹಕರ ದುಡ್ಡನ್ನು ತನ್ನದೇ ಇನ್ನೊಂದು ಕಂಪನಿಗೆ ಸಾಗಿಸಿ 25 ವರ್ಷ ಜೈಲು ಶಿಕ್ಷೆ ಪಡೆದ.

ನನ್ನನ್ನು ಜಾಸ್ತಿ ಕಾಡುವುದು ಮಾತ್ರ ಕೆನಡಾದ ಕ್ವಾಡ್ರಿಗಾ ಎಕ್ಸ್‌ಚೇಂಜ್. ಅದರ ಮಾಲೀಕ ಜೆರಾಲ್ಡ್ ಕಾಟನ್ 2018ರ ಡಿಸೆಂಬರ್‌ನಲ್ಲಿ ನಮ್ಮ ಜೈಪುರಕ್ಕೆ ಬಂದಿದ್ದಾಗ ತೀರಿಕೊಂಡ. ವಯಸ್ಸು 30. ಬೀಗದ ಕೈ ಅವನೊಬ್ಬನ ಹತ್ತಿರವೇ ಇತ್ತು ಎಂದರು. ಸಾವಿರಾರು ಜನ ತಿಂಗಳುಗಟ್ಟಲೆ ಆ ಕೈಗಾಗಿ ಕಾದರು. ಕೊನೆಗೆ ಲೆಕ್ಕ ಪರಿಶೀಲಿಸಿದವರು ನೋಡಿದರೆ, ಭದ್ರವಾಗಿ ಇಟ್ಟಿದ್ದೇವೆ ಎಂದಿದ್ದ ಆ ವ್ಯಾಲೆಟ್‌ಗಳು ತಿಂಗಳುಗಳ ಹಿಂದೆಯೇ ಖಾಲಿ. ಅದು ಮೋಸ ಎಂದು 2020ರಲ್ಲಿ ಅಲ್ಲಿನ ಸರ್ಕಾರಿ ಸಂಸ್ಥೆಯೇ ಹೇಳಿತು.

ನಮ್ಮಜ್ಜಿ ಬೀರುವಿನ ಬೀಗದ ಕೈಯನ್ನು ಸೊಂಟಕ್ಕೆ ಸಿಗಿಸಿಕೊಂಡೇ ಮಲಗುತ್ತಿದ್ದರು. ಅಜ್ಜನಿಗೆ ದುಡ್ಡು ಬೇಕಾದರೂ ಅಜ್ಜಿಯನ್ನೇ ಕೇಳಬೇಕಿತ್ತು. ಆ ಮನೆಯಲ್ಲಿ ಒಂದು ಪೈಸೆ ಕಳೆದದ್ದು ನನಗೆ ನೆನಪಿಲ್ಲ. ನಿಮ್ಮ 12 ಪದಗಳು ಆ ಬೀಗದ ಕೈ ಮೇಡಂ. ಅವು ಗೊತ್ತಿದ್ದವರು ಬೇರೆ ಫೋನಿನಲ್ಲೂ ನಿಮ್ಮ ವ್ಯಾಲೆಟ್ ತೆರೆಯಬಹುದು. ನೀವು ಗಣಿತ ಹೇಳಿಕೊಟ್ಟವರು, ಇದನ್ನು ನನಗಿಂತ ಚೆನ್ನಾಗಿ ಸವಿಯುತ್ತೀರಿ. ವ್ಯಾಲೆಟ್ ಈ ಪದಗಳನ್ನು ಆರಿಸುವ ಪಟ್ಟಿಯಲ್ಲಿ ಇರುವುದು 2048 ಪದ, ಅಂದರೆ ಎರಡರ ಹನ್ನೊಂದನೇ ಘಾತ. ಹನ್ನೆರಡು ಪದ ಸೇರಿದರೆ 132 ಬಿಟ್, ಅಂದರೆ 132 ಸೊನ್ನೆ-ಒಂದುಗಳ ಸಾಲು. ಅದರಲ್ಲಿ 4 ಬಿಟ್ ತಪ್ಪು ಹಿಡಿಯಲು, ಉಳಿದ 128 ನಿಮ್ಮ ಗುಟ್ಟು. ಎಷ್ಟು ಬಗೆಯ ಗುಟ್ಟು ಸಾಧ್ಯ ಎಂದು ಬರೆಯ ಹೊರಟರೆ 39 ಅಂಕಿಯ ಸಂಖ್ಯೆ ಬರುತ್ತದೆ. ಊಹೆ ಮಾಡಿ ಯಾವ ಕಳ್ಳನೂ ತೆಗೆಯಲಾರ. ಪ್ರತಿ ಪದವನ್ನೂ ಮೊದಲ ನಾಲ್ಕು ಅಕ್ಷರದಲ್ಲೇ ಗುರುತಿಸಬಹುದು, ಹಾಗೆ ಆರಿಸಿದ್ದಾರೆ. ಎಷ್ಟು ಅಚ್ಚುಕಟ್ಟು, ಅಲ್ವಾ?

ಆ ಪಟ್ಟಿಯನ್ನು ನಾನು ಪೂರ್ತಿ ಓದಿದ್ದೇನೆ, ಅಬ್ಯಾಂಡನ್‌ನಿಂದ ಝೂವರೆಗೆ. ಮ್ಯಾಂಗೋ ಇದೆ, ಕೊಕೊನಟ್ ಇದೆ, ಕಾಫಿ ಇದೆ, ಎಲಿಫೆಂಟ್ ಇದೆ. ನಮ್ಮ ಮಾವು, ನಮ್ಮ ತೆಂಗು, ನಮ್ಮ ಚಿಕ್ಕಮಗಳೂರಿನ ಕಾಫಿ, ನಮ್ಮ ನಾಗರಹೊಳೆಯ ಆನೆ. ಇಂಗ್ಲಿಷ್ ಅಲ್ಲದೆ ಜಪಾನಿ, ಕೊರಿಯನ್, ಸ್ಪ್ಯಾನಿಷ್, ಚೀನಿ, ಫ್ರೆಂಚ್, ಇಟಾಲಿಯನ್, ಪೋರ್ಚುಗೀಸ್, ಝೆಕ್ ಭಾಷೆಗಳಲ್ಲೂ ಅಧಿಕೃತ ಪಟ್ಟಿ ಇದೆ. ಝೆಕ್ ಮಾತಾಡುವವರು ಒಂದು ಕೋಟಿಯ ಆಸುಪಾಸು. ಆದರೂ ಅವರ ಪಟ್ಟಿ ಇದೆ. ಈ ಪದಗಳ ಪದ್ಧತಿ ರೂಪಿಸಿದವರಲ್ಲೂ ಪ್ರಾಗ್ ನಗರದವರಿದ್ದರು. ಝೆಕ್ ಜನ ತಮ್ಮೂರಿನ ಅಜ್ಜಿಯರನ್ನು ಮರೆಯಲಿಲ್ಲ. ನಮ್ಮ ಬೆಂಗಳೂರಿನಲ್ಲಿ ಕೋಡ್ ಬರೆಯುವ ಲಕ್ಷಾಂತರ ಜನ ಇದ್ದಾರೆ. ಕನ್ನಡದ 2048 ಪದ ಆರಿಸಿ ಒಂದು ಪಟ್ಟಿ ಮಾಡಲು ಇಬ್ಬರು ಒಳ್ಳೆಯ ಎಂಜಿನಿಯರ್, ಒಬ್ಬರು ಕನ್ನಡ ಮೇಷ್ಟ್ರು ಸಾಕು. ಅದನ್ನು ಅಧಿಕೃತ ಮಾಡಿಸುವುದು ಇನ್ನೊಂದು ಹೋರಾಟ, ಸರಿ. ಆದರೆ ಶುರುವಾದರೂ ಆಗಬೇಕಲ್ಲ? ಆ್ಯಪ್ ಇಲ್ಲೇ ತಯಾರಾಗುತ್ತದೆ, ಅದರ ಕರಾರಿನ ಪುಟ ಇಂಗ್ಲಿಷ್‌ನಲ್ಲಿ, ಸಹಾಯಕ್ಕೆ ಫೋನ್ ಮಾಡಿದರೆ ಹಿಂದಿ. ಓದಲಾಗದ ಕರಾರಿಗೆ ನಮ್ಮವರು ಒಪ್ಪಿಗೆ ಒತ್ತುತ್ತಾರೆ. ಸೆಟ್ಟಿಂಗ್ ಮಾಡಿಕೊಡಪ್ಪಾ ಎಂದು ಮೊಬೈಲ್ ಅಂಗಡಿ ಹುಡುಗನ ಕೈಗೆ ಫೋನ್ ಕೊಡುತ್ತಾರೆ, ಒಟಿಪಿಯನ್ನೂ ಓದಿ ಹೇಳುತ್ತಾರೆ. ಬೀಗದ ಕೈ ಇನ್ನೊಬ್ಬರಿಗೆ ಕೊಡುವ ಈ ಅಭ್ಯಾಸ ಅಲ್ಲಿಂದಲೇ ಬಂದದ್ದು.

ಈಗ ನಿಮ್ಮ ಫೋಟೊ. ಮೇಡಂ, ನಿಮ್ಮ ಮಕ್ಕಳು ಪರೀಕ್ಷೆಯಲ್ಲಿ ಇಂಥ ತಪ್ಪು ಮಾಡಿದ್ದರೆ ನೀವು ಕೆಂಪು ಶಾಯಿಯಲ್ಲಿ ಸುತ್ತು ಹಾಕುತ್ತಿದ್ದಿರಿ. ಫೋಟೊ ತಾನಾಗಿಯೇ ಕ್ಲೌಡ್‌ಗೆ, ಅಂದರೆ ಇಂಟರ್ನೆಟ್‌ನಲ್ಲಿ ಯಾವುದೋ ಕಂಪನಿಯ ಕಂಪ್ಯೂಟರಿಗೆ, ಹೋಗಿರಬಹುದು. ವಾಟ್ಸ್ಆ್ಯಪ್‌ಗೆ ಕಳಿಸಿದ್ದು ಅಳಿಯನ ಫೋನಿನಲ್ಲೂ ಇದೆ, ಆ ಫೋನ್ ನಾಳೆ ರಿಪೇರಿಗೆ ಹೋಗಬಹುದು. ಅಳಿಸಿದರೆ ಸಾಲದು. ಆ 12 ಪದ ಇನ್ನು ಗುಟ್ಟಲ್ಲ. ಹೊಸ ವ್ಯಾಲೆಟ್ ಮಾಡಿ ಹೊಸ ಪದ ಪಡೆದು, ಹಳೆಯದರಲ್ಲಿ ಇರುವುದನ್ನೆಲ್ಲ ಅಲ್ಲಿಗೆ ಸಾಗಿಸಿ.

ಮೊತ್ತ ದೊಡ್ಡದಾಗಿದ್ದರೆ ಹಾರ್ಡ್‌ವೇರ್ ವ್ಯಾಲೆಟ್, ಅಂದರೆ ಬೀಗದ ಕೈಯನ್ನು ಫೋನಿನಲ್ಲಿ ಇಡದೆ ತನ್ನೊಳಗೇ ಇಟ್ಟುಕೊಳ್ಳುವ ಸಾಧನ, ತೆಗೆದುಕೊಳ್ಳಿ. ಪೆನ್‌ಡ್ರೈವ್‌ನಷ್ಟೇ ಇರುತ್ತದೆ. ತಯಾರಿಸಿದ ಕಂಪನಿಯಿಂದಲೇ ತರಿಸಿ, ಸೆಕೆಂಡ್‌ಹ್ಯಾಂಡ್ ಬೇಡವೇ ಬೇಡ. ಪೆಟ್ಟಿಗೆಯೊಳಗೆ ಪದಗಳನ್ನು ಮೊದಲೇ ಬರೆದಿಟ್ಟಿದ್ದರೆ ಅದು ಕಳ್ಳರ ಮಾಲು.

ಪದಗಳನ್ನು ಎಲ್ಲಿ ಬರೆಯುವುದು? ಕಾಗದ ಮಳೆಗೆ ಸಿಕ್ಕರೆ ಮುಗಿಯಿತು. ನಮ್ಮ ಕಚೇರಿಯ ಕೆಳಮನೆಗೆ ನೀರು ನುಗ್ಗಿ ಹಳೇ ಸಂಚಿಕೆಗಳು ಮುದ್ದೆಯಾದದ್ದನ್ನು ಕಣ್ಣಾರೆ ಕಂಡಿದ್ದೇನೆ. ಅದೇ ಹೊತ್ತಿಗೆ ನಮ್ಮಮ್ಮನ ಮದುವೆಗೆ ಬಂದ ಸ್ಟೀಲ್ ಡಬ್ಬಿ ನೋಡಿ. ತಳದಲ್ಲಿ ಚುಕ್ಕೆ ಚುಕ್ಕೆಯಾಗಿ ಕೊಟ್ಟವರ ಹೆಸರು, ತಾರೀಖು. ಐವತ್ತು ವರ್ಷ ಬೂದಿ ಹಾಕಿ, ಹುಣಸೆಹಣ್ಣು ಹಾಕಿ ಉಜ್ಜಿದ್ದಾರೆ. ಬೆಳಕಿಗೆ ಓರೆಯಾಗಿ ಹಿಡಿದರೆ ಒಂದೊಂದು ಅಕ್ಷರವೂ ಓದಬಹುದು. ಪಾತ್ರೆಗೆ ಹೆಸರು ಹಾಕುವ ಆ ಪುಟ್ಟ ಮಿಷನ್ ಈಗ ಪೆನ್ನಿನ ಹಾಗೆ ಸಿಗುತ್ತದೆ. ಒಂದು ಸ್ಟೀಲ್ ತಗಡು ತಂದು ಮನೆಯಲ್ಲೇ ನೀವೇ ಕೊರೆಯಿರಿ, ಅಂಗಡಿಗೆ ಕೊಡಬೇಡಿ. ಇಂಗ್ಲಿಷ್ ಕಾಗುಣಿತದಲ್ಲೇ ಕೊರೆಯಿರಿ, ಪಕ್ಕದಲ್ಲಿ 1ರಿಂದ 12ರವರೆಗೆ ಅಂಕಿ ಹಾಕಿ. ಕ್ರಮ ತಪ್ಪಿದರೆ ಬೀಗ ತೆರೆಯದು. ಎರಡು ತಗಡು ಮಾಡಿ, ಒಂದು ಮನೆಯಲ್ಲಿ, ಒಂದು ಬ್ಯಾಂಕ್ ಲಾಕರಿನಲ್ಲಿ. ಲಾಕರಿಗೆ ಮಗಳನ್ನು ನಾಮಿನಿ ಮಾಡಿ. ವಿಲ್‌ನಲ್ಲಿ ತಗಡು ಎಲ್ಲಿದೆ ಎಂದು ಬರೆಯಿರಿ, ಪದಗಳನ್ನು ಬರೆಯಬೇಡಿ.

ಎಲ್ಲ ಆದ ಮೇಲೆ ಐನೂರು ರೂಪಾಯಿಯಷ್ಟು ಮಾತ್ರ ಮೊದಲು ಕಳಿಸಿ. ಬಂದಿತೇ ನೋಡಿ. ಹೊಸ ವ್ಯಾಲೆಟ್ಟನ್ನು ಪೂರ್ತಿ ಅಳಿಸಿ, ತಗಡು ನೋಡಿಕೊಂಡು ಪದಗಳನ್ನು ಒತ್ತಿ ಮತ್ತೆ ತೆರೆಯಿರಿ. ಆ ಐನೂರು ಕಂಡರೆ ಉಳಿದದ್ದನ್ನು ಸಾಗಿಸಿ. ಅವತ್ತು ಅಳಿಯ ಪಕ್ಕದಲ್ಲಿ ಇರುವುದು ಬೇಡ, ಬೇಜಾರು ಮಾಡಿಕೊಂಡರೆ ನನ್ನ ಹೆಸರು ಹೇಳಿ. ಎಲ್ಲ ಮುಗಿದ ಮೇಲೆ ಹೇಗಾಯಿತು ಎಂದು ಇನ್ನೊಂದು ಪತ್ರ ಬರೆಯಿರಿ. ಪದಗಳನ್ನು ಮಾತ್ರ ನನಗೂ ಬರೆಯಬೇಡಿ.

ಸಂಪಾದಕ