ಅಂಗವಿಕಲ ಚಾಲಕರಿಗೆ ಪಾರ್ಕಿಂಗ್ ಜಾಗ ಮಾಡಿಕೊಡಲು ತುಂಬಾ ಖರ್ಚಾಗುತ್ತದೆಯೇ?

ಬಣ್ಣ, ಬೋರ್ಡು ಇಷ್ಟಕ್ಕೆ ಆಗುವ ಖರ್ಚು ಕಡಿಮೆಯೇ. ದುಬಾರಿ ಆಗುವುದು ಜಾಗ. ಸಾಮಾನ್ಯ ಕಾರಿಗೆ ಸುಮಾರು 2.4 ಮೀಟರ್ ಅಗಲ ಸಾಕು. ಇಲ್ಲಿ ಪಕ್ಕದಲ್ಲಿ ಇನ್ನೂ 1.2 ಮೀಟರ್‌ನಷ್ಟು ಖಾಲಿ ಬೇಕು. ಅದು ಸುಮ್ನೆ ಬಿಟ್ಟ ಜಾಗ ಅಲ್ಲ. ಚಾಲಕರು ಬಾಗಿಲು ಪೂರ್ತಿ ತೆರೆದು, ಹಿಂದಿನ ಸೀಟಿನಿಂದ ಗಾಲಿಕುರ್ಚಿ ಎಳೆದು ಬಿಡಿಸಿ, ಕೈಯ ಬಲದಲ್ಲೇ ಅದಕ್ಕೆ ಸರಿದು ಕೂರಬೇಕಲ್ವಾ? ನೆಲ ಇಳಿಜಾರಾಗಿದ್ದರೆ ಅಷ್ಟರಲ್ಲಿ ಕುರ್ಚಿ ಉರುಳಿಹೋಗುತ್ತದೆ. ಹಾಗಾಗಿ ಇಳಿಜಾರು 1:50ಕ್ಕಿಂತ, ಅಂದರೆ 50 ಮೀಟರ್ ಉದ್ದಕ್ಕೆ 1 ಮೀಟರ್ ಇಳಿತಕ್ಕಿಂತ, ಜಾಸ್ತಿ ಇರಬಾರದು.

ಎರಡು ಕಾರುಗಳ ನಡುವೆ ಒಂದೇ ಖಾಲಿ ಪಟ್ಟಿ ಬಿಟ್ಟರೆ ಜಾಗ ಉಳಿಯುತ್ತದೆ. ಹಳೆಯ ಕಟ್ಟಡದಲ್ಲಿ ನೆಲ ಅಗೆದು ಸಮ ಮಾಡುವುದು, ಫುಟ್‌ಪಾತ್ ಅಂಚು ಒಡೆದು ರ‍್ಯಾಂಪ್ ಹಾಕುವುದು ಮಾತ್ರ ಖರ್ಚಿನ ಕೆಲಸ. ನಕ್ಷೆ ಹಾಕುವಾಗಲೇ ಸೇರಿಸಿದರೆ ಆ ಖರ್ಚು ಬಹುತೇಕ ಬರುವುದೇ ಇಲ್ಲ.